ಮಿತಿ ದಾಟಿದರೂ ಏನೂ ಆಗದ ದಿನಗಳು

ಮಳೆಗಾಲದಲ್ಲಿ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದ ಹೊರಗೆ ಕಾದು ನಿಂತವರಿಗೆಲ್ಲ ಇದು ಗೊತ್ತಿರುವ ಸಂಗತಿಯೇ. ಉಪ್ಪಳ, ಕುಂಬಳೆ, ಚೆರ್ಕಳದಿಂದ ನಸುಕಿಗೆ ಹೊರಟು ತಲಪಾಡಿ ದಾಟಿ ಬಂದ ಕಾರುಗಳು ಸಾಲಾಗಿ ನಿಂತಿರುತ್ತವೆ. ಮೋಡದ ಹಿಂದೆ ವಿಮಾನದ ಸದ್ದು ಹತ್ತಿರ ಹತ್ತಿರ ಬರುತ್ತದೆ. ಇನ್ನೇನು ಇಳಿಯಿತು ಅನ್ನುವಾಗ ಎಂಜಿನ್ ಜೋರಾಗಿ ಗರ್ಜಿಸಿ ಸದ್ದು ಮತ್ತೆ ಮೇಲಕ್ಕೆ ಹೋಗುತ್ತದೆ. ಅರ್ಧ ಗಂಟೆಯ ಮೇಲೆ ಫಲಕದಲ್ಲಿ ಬೆಂಗಳೂರಿಗೆ ಹೋಯಿತೆಂದು ತೋರಿಸುತ್ತಾರೆ. ಆಗ ಗುಂಪಿನಲ್ಲಿ ಒಬ್ಬರಾದರೂ ಕೇಳುತ್ತಾರೆ: "ಇಷ್ಟು ಹತ್ತಿರ ಬಂದವನಿಗೆ ಇಳಿಸ್ಲಿಕ್ಕೆ ಎಂತ ಧಾಡಿ ಮಾರಾಯ್ರೆ?"

ಪ್ರಶ್ನೆ ಸಹಜವೇ. ಎರಡು ವರ್ಷಕ್ಕೊಮ್ಮೆ ಊರಿಗೆ ಬರುವ ಮಗ ಮೋಡದಾಚೆ ಇದ್ದಾನೆ, ಕಾರಿನ ಬಾಡಿಗೆ ಏರುತ್ತಿದೆ. ಆದರೆ ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಇನ್ನೊಂದು ಪ್ರಶ್ನೆ ಎದುರಾಗುತ್ತದೆ. ವಿಮಾನಕ್ಕೆ ಇಂತಿಷ್ಟೇ ಎಂಬ ಮಿತಿಗಳು ಇವೆ, ಪೈಲಟ್‌ಗಳು ಅವನ್ನು ಬಾಯಿಪಾಠ ಮಾಡಿ ಪರೀಕ್ಷೆ ಬರೆದಿರುತ್ತಾರೆ. ಹಾಗಿದ್ದೂ ಸಾವಿರಾರು ಗಂಟೆ ಹಾರಾಟ ನಡೆಸಿದವರು ಕೆಲವೊಮ್ಮೆ ಅವನ್ನು ದಾಟುವುದು ಹೇಗೆ? ಮಂಗಳೂರು ವಿಮಾನ ದುರಂತ ನಡೆದ 2010ರ ಮೇ 22ರ ಬೆಳಗನ್ನು ಕಂಡ ಕಾಸರಗೋಡಿನವರಿಗೆ ಇದು ಎಲ್ಲೋ ದೂರದ ಪ್ರಶ್ನೆ ಅಲ್ಲ.

ಮಿತಿ ಅಂದರೆ ಏನು, ಯಾರು ಹಾಕುವುದು

ಪ್ರತಿ ಮಾದರಿಯ ವಿಮಾನಕ್ಕೂ ಹಾರಲು ಯೋಗ್ಯ ಎಂಬ ಪ್ರಮಾಣಪತ್ರ ಸಿಗುವಾಗ ಜೊತೆಗೆ ಒಂದು ಕೈಪಿಡಿಯೂ ಇರುತ್ತದೆ. ಅದರಲ್ಲಿ ಮಿತಿಗಳಿಗೇ ಮೀಸಲಾದ ಒಂದು ಅಧ್ಯಾಯ ಉಂಟು. ಉಳಿದ ಅಧ್ಯಾಯಗಳಲ್ಲಿ ಹೀಗೆ ಮಾಡಿದರೆ ಒಳ್ಳೆಯದು ಎಂಬ ಧಾಟಿ ಕಾಣಬಹುದು. ಈ ಅಧ್ಯಾಯದಲ್ಲಿ ಆ ಮಾತಿಲ್ಲ, ಇಲ್ಲಿರುವುದು ಕಾನೂನು. ತಯಾರಕರು ಪರೀಕ್ಷೆ ಮಾಡಿ ತೋರಿಸಿ, ಸರಕಾರದ ಸಂಸ್ಥೆ ಒಪ್ಪಿದ ಅಂಕಿಗಳು ಅವು. ನಮ್ಮಲ್ಲಿ ಅದನ್ನು ನೋಡಿಕೊಳ್ಳುವುದು ಡಿಜಿಸಿಎ, ಅಂದರೆ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ.

ಗಲ್ಫಿಗೆ ಹೋಗಿಬರುವ ನಮ್ಮವರಿಗೆ ಚೆನ್ನಾಗಿ ಪರಿಚಯವಿರುವ ಬೋಯಿಂಗ್ 737-800 ವಿಮಾನವನ್ನೇ ತೆಗೆದುಕೊಳ್ಳಿ. ಅದು 41,000 ಅಡಿಗಿಂತ ಮೇಲೆ ಹೋಗುವಂತಿಲ್ಲ. ವೇಗ 340 ನಾಟ್ ದಾಟುವಂತಿಲ್ಲ. ಎತ್ತರದಲ್ಲಿ ಗಾಳಿ ತೆಳುವಾದ ಕಡೆ ಶಬ್ದದ ವೇಗದ ಶೇ. 82ನ್ನು ಮೀರುವಂತಿಲ್ಲ. ಒಂದು ನಾಟ್ ಅಂದರೆ ಗಂಟೆಗೆ 1.85 ಕಿಲೋಮೀಟರ್. ಚಕ್ರಗಳನ್ನು ಹೊರಗೆ ಬಿಡುವಾಗ ವೇಗ 270 ನಾಟ್ ಒಳಗಿರಬೇಕು, ಒಳಗೆ ಎಳೆದುಕೊಳ್ಳುವಾಗ 235ರ ಒಳಗೆ. ಈ ಎರಡಂಕಿಯ ವ್ಯತ್ಯಾಸ ವಿಚಿತ್ರ ಅನಿಸಬಹುದು. ಬಿಡುವಾಗ ಚಕ್ರ ತನ್ನ ಭಾರದಿಂದಲೇ ಕೆಳಗೆ ಬರುತ್ತದೆ. ಎಳೆಯುವಾಗ ಯಂತ್ರ ಆ ಭಾರವನ್ನೂ ಗಾಳಿಯ ಒತ್ತಡವನ್ನೂ ಒಟ್ಟಿಗೆ ಹೊರಬೇಕು.

ಇಳಿಯುವಾಗ ರೆಕ್ಕೆಯ ಹಿಂಬದಿಯಿಂದ ಹಂತಹಂತವಾಗಿ ಕೆಳಗೆ ಬಾಗುವ ಹಲಗೆಗಳನ್ನು ಕಿಟಕಿ ಪಕ್ಕ ಕೂತವರು ಗಮನಿಸಿರಬಹುದು. ಅವಕ್ಕೆ ಫ್ಲಾಪ್ ಎಂದು ಹೆಸರು. ಕಡಿಮೆ ವೇಗದಲ್ಲೂ ರೆಕ್ಕೆಗೆ ಎತ್ತುವ ಬಲ ಕೊಡುವುದು ಅವುಗಳ ಕೆಲಸ. ಒಂದೊಂದು ಹಂತಕ್ಕೂ ಬೇರೆ ಬೇರೆ ವೇಗಮಿತಿ. ಆಷಾಢದ ಗಾಳಿಗೆ ಕೊಡೆ ಬಿಚ್ಚಿದವರಿಗೆ ಕಾರಣ ಬೇರೆ ಹೇಳಬೇಕಾಗಿಲ್ಲ. ನಡೆಯುವಾಗ ತಡೆಯುವ ಕೊಡೆ, ಬೈಕಿನ ಹಿಂದೆ ಕೂತು ಬಿಚ್ಚಿದರೆ ಕಡ್ಡಿ ಮಗುಚಿಕೊಳ್ಳುತ್ತದೆ. ಅದೇ ಕೊಡೆ, ಬದಲಾದದ್ದು ವೇಗ ಮಾತ್ರ.

ಗಾಳಿಗೂ ಮಿತಿ ಇದೆ. ವಿಮಾನ ಗಾಳಿಗೆ ಎದುರಾಗಿ ಇಳಿಯಬೇಕು, ಆಗ ನೆಲದ ಲೆಕ್ಕದಲ್ಲಿ ಅದರ ವೇಗ ಕಡಿಮೆ. ಹಿಂಗಾಳಿ, ಅಂದರೆ ಬೆನ್ನ ಹಿಂದಿನಿಂದ ಬೀಸುವ ಗಾಳಿ ಇದ್ದರೆ ನೆಲ ಮುಟ್ಟುವ ವೇಗ ಅಷ್ಟೇ ಹೆಚ್ಚು. 737ಕ್ಕೆ ಹಿಂಗಾಳಿಯ ಮಿತಿ ಸಾಮಾನ್ಯವಾಗಿ 10 ನಾಟ್, ಹೆಚ್ಚುವರಿ ಅನುಮತಿ ಪಡೆದಿದ್ದರೆ 15. ಬ್ರೇಕಿಗೆ ಬೀಳುವ ಹೊರೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ವೇಗ ಎರಡು ಪಟ್ಟಾದರೆ ಹೊರೆ ನಾಲ್ಕು ಪಟ್ಟು. ಆದ್ದರಿಂದ "ಬರೀ ಹತ್ತು ನಾಟ್" ಎಂಬ ಮಾತು ರನ್‌ವೇಯ ಕೊನೆಯಲ್ಲಿ ಬರೀ ಹತ್ತಾಗಿ ಉಳಿಯುವುದಿಲ್ಲ.

ಮಿತಿಗೂ ಪ್ರಪಾತಕ್ಕೂ ನಡುವೆ

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಮೊದಲೇ ಬಿಡಿಸಬೇಕು. 340 ನಾಟ್ ಮಿತಿ ಎಂದರೆ 341ಕ್ಕೆ ರೆಕ್ಕೆ ಕಳಚುತ್ತದೆ ಎಂದಲ್ಲ.

ವಿಮಾನದ ಒಡಲನ್ನು ಲೆಕ್ಕ ಹಾಕುವಾಗ ಎಂಜಿನಿಯರುಗಳು ಮೊದಲು ಒಂದು ಗರಿಷ್ಠ ಭಾರ ಗೊತ್ತುಮಾಡುತ್ತಾರೆ: ಈ ವಿಮಾನ ತನ್ನ ಇಡೀ ಆಯುಸ್ಸಿನಲ್ಲಿ ಎದುರಿಸಬಹುದಾದ ಅತಿ ದೊಡ್ಡ ಎಳೆತ ಇದು ಎಂದು. ನಂತರ ಅದರ ಒಂದೂವರೆ ಪಟ್ಟು ಭಾರಕ್ಕೂ ಮುರಿಯದಂತೆ ಕಟ್ಟುತ್ತಾರೆ. ಬೋಯಿಂಗ್ 777ರ ರೆಕ್ಕೆಯನ್ನು 1995ರಲ್ಲಿ ಕಾರ್ಖಾನೆಯೊಳಗೆ ಬೇಕೆಂದೇ ಬಗ್ಗಿಸಿ ಬಗ್ಗಿಸಿ ಮುರಿದರು. ಅದು ಮುರಿದದ್ದು ಗೊತ್ತುಮಾಡಿದ ಭಾರದ ಶೇ. 154ರಲ್ಲಿ.

ಹಾಗಾದರೆ ಆ ಅರ್ಧ ಪಟ್ಟು ಯಾರಿಗಾಗಿ? ಇಪ್ಪತ್ತು ವರ್ಷ ಹಾರಿ ದಣಿದ ಲೋಹಕ್ಕಾಗಿ, ತಯಾರಿಕೆಯಲ್ಲಿ ಉಳಿದಿರಬಹುದಾದ ಸಣ್ಣ ಕೊರತೆಗಾಗಿ, ಯಾರೂ ಎಣಿಸದ ಒಂದು ಬಿರುಗಾಳಿಗಾಗಿ. ಪೈಲಟ್‌ಗೆ ಅದು ಲೆಕ್ಕಕ್ಕಿಲ್ಲ. ಮನೆಯ ಬಾವಿಗೆ ಕಟ್ಟೆ ಕಟ್ಟಿರುತ್ತೇವೆ. ಕಟ್ಟೆಗೂ ನೀರಿಗೂ ನಡುವೆ ಇಪ್ಪತ್ತು ಅಡಿ ಇದೆಯೆಂದು ಯಾರೂ ಕಟ್ಟೆಯ ಒಳಬದಿಯಲ್ಲಿ ಕೂತು ಕಾಲು ಇಳಿಬಿಡುವುದಿಲ್ಲ.

ಆದರೆ ಈ ಉಳಿಕೆಯಲ್ಲೇ ಒಂದು ಬಲೆ ಅಡಗಿದೆ. ಒಬ್ಬ ಪೈಲಟ್ ಅವಸರದಲ್ಲಿ ಮಿತಿಗಿಂತ ಐದು ನಾಟ್ ಹೆಚ್ಚಿರುವಾಗಲೇ ಫ್ಲಾಪ್ ಬಿಟ್ಟರು ಎನ್ನಿ. ಏನೂ ಆಗಲಿಲ್ಲ, ವಿಮಾನ ಇಳಿಯಿತು, ಪ್ರಯಾಣಿಕರು ಚೀಲ ಇಳಿಸಿಕೊಂಡು ಮನೆಗೆ ಹೋದರು. ಕೈಪಿಡಿ ಬೇಡ ಎಂದಿತ್ತು, ವಿಮಾನ ಪರವಾಗಿಲ್ಲ ಎಂದಿತು. ಮನುಷ್ಯನ ಮನಸ್ಸು ಯಾರ ಮಾತನ್ನು ನಂಬುತ್ತದೆ ಹೇಳಿ.

ನಮ್ಮ ಎಣ್ಮಕಜೆ, ಬಾಯಾರು ಕಡೆ ಗುಡ್ಡಕ್ಕೆ ಅಡ್ಡ ಸುರಂಗ ಕೊರೆದು ನೀರು ತರುವ ಪದ್ಧತಿ ಇದೆಯಲ್ಲ, ಅಲ್ಲಿ ಒಳಹೋಗುವವರು ಕ್ಯಾಂಡಲ್ ಹಚ್ಚಿಕೊಂಡು ಹೋಗುತ್ತಾರೆ. ಬೆಳಕಿಗೆ ಮಾತ್ರ ಅಲ್ಲ. ಅದು ಆರಿತೆಂದರೆ ಉಸಿರಾಡುವ ಗಾಳಿ ಕಡಿಮೆಯಾಗಿದೆ, ಹೊರಗೆ ಬನ್ನಿ ಎಂದರ್ಥ. ಒಂದು ದಿನ ಕ್ಯಾಂಡಲ್ ಆರಿದ ಮೇಲೂ "ಇನ್ನು ನಾಲ್ಕು ಬುಟ್ಟಿ ಮಣ್ಣು" ಎಂದು ನಿಂತವರು ಇದ್ದಾರೆ ಎನ್ನಿ. ಅವತ್ತು ಏನೂ ಆಗಲಿಲ್ಲ. ಮರುದಿನ ಆರು ಬುಟ್ಟಿ. ಸುರಂಗ ಮಾತ್ರ ದಿನಾ ಒಂದು ಮೊಳ ಉದ್ದವಾಗುತ್ತಿರುತ್ತದೆ.

1986ರಲ್ಲಿ ಸ್ಫೋಟಗೊಂಡ ಅಮೆರಿಕದ ಚಾಲೆಂಜರ್ ಗಗನನೌಕೆಯ ಹಿನ್ನೆಲೆಯನ್ನು ಅಧ್ಯಯನ ಮಾಡಿದ ಸಮಾಜಶಾಸ್ತ್ರಜ್ಞೆ ಡಯಾನ್ ವಾನ್ ಈ ಪ್ರಕ್ರಿಯೆಗೆ ಒಂದು ಹೆಸರು ಕೊಟ್ಟರು. ಕನ್ನಡದಲ್ಲಿ ಸರಳವಾಗಿ ಹೇಳುವುದಾದರೆ, ತಪ್ಪು ರೂಢಿಯಾಗುವುದು. ಅಲ್ಲಿ ಯಾರೂ ನಿಯಮ ಮುರಿಯಬೇಕೆಂದು ಹೊರಟಿರಲಿಲ್ಲ. ಹಿಂದಿನ ಸಲ ಏನೂ ಆಗಲಿಲ್ಲ ಎಂಬುದೇ ಈ ಸಲದ ಆಧಾರವಾಗುತ್ತ ಹೋಗಿತ್ತು.

ಮರೆತು ದಾಟುವುದು

ಮಿತಿ ದಾಟಿದವರೆಲ್ಲ ಧೈರ್ಯ ಮಾಡಿ ದಾಟಿದವರಲ್ಲ. ಗಮನಕ್ಕೇ ಬಾರದೆ ದಾಟಿದವರು ಬಹಳ.

2017ರ ಜುಲೈಯಲ್ಲಿ ಕೋಲ್ಕತ್ತಾದಿಂದ ಮುಂಬೈಗೆ ಹೊರಟ ಏರ್ ಇಂಡಿಯಾದ ಏರ್‌ಬಸ್ ಎ320 ವಿಮಾನದ ಪೈಲಟ್‌ಗಳು ಮೇಲೇರಿದ ನಂತರ ಚಕ್ರ ಒಳಗೆ ಎಳೆದುಕೊಳ್ಳುವುದನ್ನೇ ಮರೆತರು. ಚಕ್ರ ಹೊರಗಿದ್ದರೆ ವಿಮಾನಕ್ಕೆ ವೇಗದ ಮಿತಿಯೂ ಎತ್ತರದ ಮಿತಿಯೂ ಬೇರೆಯಾಗುತ್ತವೆ, ಇಂಧನ ವಿಪರೀತ ಖರ್ಚಾಗುತ್ತದೆ. ವಿಮಾನ ಯಾಕೆ ಇಷ್ಟು ನಿಧಾನ, ಇಂಧನ ಯಾಕೆ ಇಷ್ಟು ಬೇಗ ಕರಗುತ್ತಿದೆ ಎಂಬುದು ತಿಳಿಯದೆ ಅವರು ನಾಗ್ಪುರದ ಕಡೆ ತಿರುಗಿಸಿದರು. ಅಲ್ಲಿ ಇಳಿಯಲು ಚಕ್ರ ಬಿಡಹೋದಾಗ ಕಂಡದ್ದು, ಅದು ಮೊದಲೇ ಹೊರಗೇ ಇದೆ ಎಂದು. ನಗು ಬರುವ ಕತೆ, ಎಲ್ಲರೂ ಕ್ಷೇಮವಾಗಿ ಇಳಿದ ಕಾರಣಕ್ಕೆ.

ಮರುವರ್ಷ ಸೆಪ್ಟೆಂಬರ್ 20ರಂದು ಮುಂಬೈಯಿಂದ ಜೈಪುರಕ್ಕೆ ಹೊರಟ ಜೆಟ್ ಏರ್‌ವೇಸ್ ವಿಮಾನದಲ್ಲಿ ಒಳಗಿನ ಗಾಳಿಯ ಒತ್ತಡ ಕಾಯುವ ಒಂದು ಸ್ವಿಚ್ಚನ್ನು ಹಾಕಿರಲಿಲ್ಲ. ಸುಮಾರು ಮೂವತ್ತು ಪ್ರಯಾಣಿಕರ ಮೂಗು, ಕಿವಿಗಳಲ್ಲಿ ರಕ್ತ ಬಂತು. ವಿಮಾನ ಮುಂಬೈಗೆ ಮರಳಿತು. ಇಂಥದ್ದೇ ಒತ್ತಡದ ಸ್ವಿಚ್ಚು ತಪ್ಪು ಸ್ಥಾನದಲ್ಲಿ ಉಳಿದು 2005ರ ಆಗಸ್ಟ್ 14ರಂದು ಗ್ರೀಸಿನಲ್ಲಿ ಹೀಲಿಯೋಸ್ ಕಂಪನಿಯ ವಿಮಾನ ಬಿದ್ದು 121 ಮಂದಿ ಸತ್ತರು. ಅಲ್ಲಿ ಎಚ್ಚರಿಕೆಯ ಸದ್ದು ಬಂದಿತ್ತು. ಆದರೆ ಅದು ನೆಲದಲ್ಲಿರುವಾಗ ಬೇರೆ ದೋಷಕ್ಕೆ ಬರುವ ಸದ್ದಿನಂತೆಯೇ ಇತ್ತು. ಪೈಲಟ್‌ಗಳು ಅದನ್ನು ಆ ಬೇರೆ ದೋಷವೆಂದೇ ತಿಳಿದರು. ಗಾಳಿ ತೆಳುವಾಗುತ್ತ ಹೋದಂತೆ ಯೋಚಿಸುವ ಶಕ್ತಿಯೂ ಕುಂದಿತು, ನಂತರ ಪ್ರಜ್ಞೆಯೇ ಹೋಯಿತು.

ವಿಮಾನದಲ್ಲಿ ಪಟ್ಟಿ ಓದುತ್ತ ಒಂದೊಂದೇ ಕೆಲಸ ಗುರುತು ಹಾಕುವ ಪದ್ಧತಿ ಶುರುವಾದದ್ದು ಇಂಥ ಮರೆವಿನಿಂದಲೇ. 1935ರ ಅಕ್ಟೋಬರ್ 30ರಂದು ಅಮೆರಿಕದಲ್ಲಿ ಬೋಯಿಂಗ್‌ನ ಹೊಸ ಯುದ್ಧವಿಮಾನ ಮೇಲೇರಿದ ಕೂಡಲೇ ಬಿತ್ತು. ವಿಮಾನ ನಿಂತಾಗ ಅದನ್ನು ನಿಯಂತ್ರಿಸುವ ಹಲಗೆಗಳು ಗಾಳಿಗೆ ಅಲುಗಾಡದಿರಲಿ ಎಂದು ಹಾಕಿದ್ದ ಬೀಗವನ್ನು ತೆಗೆಯಲು ನುರಿತ ಪೈಲಟ್ ಮರೆತಿದ್ದರು. ಆ ಪಟ್ಟಿ ಈಗಲೂ ಇದೆ, ಪ್ರತಿ ಹಾರಾಟದಲ್ಲೂ ಓದುತ್ತಾರೆ. ಓದುವ ನಡುವೆ ನಿಲ್ದಾಣದ ನಿಯಂತ್ರಣ ಗೋಪುರದಿಂದ ಒಂದು ಕರೆ ಬಂದರೆ, ಎಲ್ಲಿಗೆ ನಿಲ್ಲಿಸಿದ್ದೆವು ಎಂಬಲ್ಲಿ ಒಂದು ಸಾಲು ಜಾರುತ್ತದೆ. ಒಗ್ಗರಣೆಗೆ ಇಟ್ಟು ಫೋನ್ ಎತ್ತಿದವರಿಗೆ ಇದು ಗೊತ್ತು.

ತಿಳಿದಿದ್ದೇನೆ ಎಂದುಕೊಂಡು ದಾಟುವುದು

ಇದು ನನಗೆ ಎಲ್ಲಕ್ಕಿಂತ ಕಳವಳ ತರುವ ಬಗೆ. ಮಿತಿಯ ಅಂಕಿ ಸರಿಯಾಗಿ ನೆನಪಿದೆ, ಅದರ ಅರ್ಥ ಮಾತ್ರ ತಪ್ಪು.

2001ರ ನವೆಂಬರ್ 12ರಂದು ನ್ಯೂಯಾರ್ಕಿನಿಂದ ಹೊರಟ ಅಮೆರಿಕನ್ ಏರ್‌ಲೈನ್ಸ್ ಕಂಪನಿಯ ಏರ್‌ಬಸ್ ಎ300 ವಿಮಾನ, ಮುಂದೆ ಹೋದ ದೊಡ್ಡ ವಿಮಾನದ ಹಿಂದೆ ಉಳಿದಿದ್ದ ಗಾಳಿಯ ಸುಳಿಗೆ ಸಿಕ್ಕಿ ಸ್ವಲ್ಪ ಅಲುಗಾಡಿತು. ಅದನ್ನು ಸರಿಪಡಿಸಲು ಸಹ ಪೈಲಟ್ ಬಾಲದ ಚುಕ್ಕಾಣಿಯನ್ನು ತಿರುಗಿಸುವ ಕಾಲಿನ ಪೆಡಲನ್ನು ಪೂರ್ತಿ ಬಲಕ್ಕೆ, ಪೂರ್ತಿ ಎಡಕ್ಕೆ, ಮತ್ತೆ ಬಲಕ್ಕೆ ಎಂದು ಕೆಲವು ಸೆಕೆಂಡಿನಲ್ಲಿ ಹಲವು ಸಲ ಒತ್ತಿದರು. ಬಾಲದ ನಿಂತ ರೆಕ್ಕೆಯೇ ಕಿತ್ತುಹೋಯಿತು. ವಿಮಾನದಲ್ಲಿದ್ದ 260 ಮಂದಿ, ನೆಲದಲ್ಲಿದ್ದ ಐವರು ಸತ್ತರು.

ಒಂದು ನಿರ್ದಿಷ್ಟ ವೇಗದ ಕೆಳಗಿದ್ದರೆ ಪೆಡಲನ್ನು ಪೂರ್ತಿ ಒತ್ತಿದರೂ ಒಡಲಿಗೆ ಧಕ್ಕೆಯಿಲ್ಲ ಎಂದು ಪೈಲಟ್‌ಗಳು ಕಲಿತಿದ್ದರು. ವಿಮಾನ ಆ ವೇಗದ ಕೆಳಗೇ ಇತ್ತು. ಆದರೆ ಆ ಭರವಸೆ ಇದ್ದದ್ದು ಒಂದು ಕಡೆಗೆ ಒಂದು ಸಲ ಒತ್ತುವುದಕ್ಕೆ ಮಾತ್ರ. ಅತ್ತಿಂದಿತ್ತ ತೂಗುವುದಕ್ಕೆ ಯಾರೂ ಭರವಸೆ ಕೊಟ್ಟಿರಲಿಲ್ಲ. ಈ ವ್ಯತ್ಯಾಸ ಪೈಲಟ್ ಸಮುದಾಯದಲ್ಲಿ ಬಹಳ ಮಂದಿಗೆ ಗೊತ್ತಿರಲಿಲ್ಲ ಎಂಬುದು ತನಿಖೆಯಲ್ಲಿ ಹೊರಬಂತು.

ಅಡಿಕೆ ಕೊಯ್ಯುವವರು ಒಂದು ಮರದ ತುದಿಯಿಂದ ಇನ್ನೊಂದಕ್ಕೆ ದಾಟುವುದನ್ನು ನೋಡಿದ್ದರೆ ಇದು ತಟ್ಟನೆ ತಿಳಿಯುತ್ತದೆ. ಒಂದೇ ಸಲ ಎಷ್ಟೇ ಜೋರಾಗಿ ದೂಡಿದರೂ ಮರ ಅಷ್ಟು ಬಾಗುವುದಿಲ್ಲ. ಅದರ ಲಯಕ್ಕೆ ಸರಿಯಾಗಿ ಹಿಂದೆ ಮುಂದೆ ತೂಗಿದರೆ ನಾಲ್ಕನೆಯ ಸಲಕ್ಕೆ ಪಕ್ಕದ ಮರ ಕೈಗೆ ಸಿಗುತ್ತದೆ. ಸಣ್ಣ ಬಲಗಳು ಒಂದರ ಮೇಲೊಂದು ಕೂಡುವುದು ಹಾಗೆ.

ಕುತೂಹಲಕ್ಕೆ ದಾಟಿದವರೂ ಇಲ್ಲದಿಲ್ಲ. 2004ರ ಅಕ್ಟೋಬರ್ 14ರಂದು ಅಮೆರಿಕದ ಪಿನಾಕಲ್ ಕಂಪನಿಯ ಇಬ್ಬರು ಪೈಲಟ್‌ಗಳು ಪ್ರಯಾಣಿಕರಿಲ್ಲದ ಸಣ್ಣ ಜೆಟ್ ವಿಮಾನವನ್ನು ಅದರ ಕೊನೆಯ ಎತ್ತರವಾದ 41,000 ಅಡಿಗೆ ಏರಿಸಿದರು. ಅಷ್ಟು ಎತ್ತರಕ್ಕೆ ಏರಿದವರದ್ದೇ ಒಂದು ಕೂಟವಿದೆ ಎಂಬ ತಮಾಷೆ ಆ ಪೈಲಟ್‌ಗಳ ನಡುವೆ ಇತ್ತು. ಕೈಪಿಡಿಯಲ್ಲಿ 41,000 ಎಂದು ಬರೆದದ್ದು ನಿಜ. ಆದರೆ ಅಲ್ಲಿಗೆ ಏರಬೇಕಾದರೆ ಇಂತಿಷ್ಟು ವೇಗ ಇಟ್ಟುಕೊಂಡು, ಇಂತಿಷ್ಟು ನಿಧಾನವಾಗಿ ಏರಬೇಕು ಎಂಬ ಷರತ್ತುಗಳೂ ಇದ್ದವು. ಅವರು ಕಡಿದಾಗಿ ಏರಿಸಿದರು, ವೇಗ ಕುಸಿಯಿತು. ತೆಳು ಗಾಳಿಯಲ್ಲಿ ರೆಕ್ಕೆ ಹಿಡಿತ ಕಳೆದುಕೊಂಡಿತು, ಎರಡೂ ಎಂಜಿನ್ ಆರಿದವು. ಮತ್ತೆ ಹೊತ್ತಿಕೊಳ್ಳಲಿಲ್ಲ. ಇಬ್ಬರೂ ಸತ್ತರು.

ಬಜ್ಪೆ, ಕರಿಪುರ, ಕರಾಚಿ

ಇನ್ನು ನಮ್ಮ ಮನೆಬಾಗಿಲಿನ ಕತೆ. ಇದನ್ನು ಅರ್ಥ ಮಾಡಿಕೊಳ್ಳಲು ಒಂದು ಪದ ಬೇಕು: ಸ್ಥಿರ ಇಳಿಕೆ. ರನ್‌ವೇ ಕಡೆಗೆ ವಿಮಾನ ಸುಮಾರು ಮೂರು ಡಿಗ್ರಿಯ ಇಳಿಜಾರಿನಲ್ಲಿ ಬರುತ್ತದೆ. ಮೋಡವಿದ್ದರೆ ನೆಲದಿಂದ 1000 ಅಡಿ ಎತ್ತರದಲ್ಲಿ, ತಿಳಿಯಾಗಿದ್ದರೆ 500 ಅಡಿಯಲ್ಲಿ ಒಂದು ಲೆಕ್ಕ ಮುಗಿಯಬೇಕು. ವೇಗ ಸರಿಯಿದೆಯೇ, ಇಳಿಜಾರು ಸರಿಯಿದೆಯೇ, ಚಕ್ರ, ಫ್ಲಾಪ್ ಎಲ್ಲ ಸಿದ್ಧವೇ. ಒಂದು ತಪ್ಪಿದ್ದರೂ ಇಳಿಯಬಾರದು. ಎಂಜಿನ್ ಏರಿಸಿ ಮೇಲೆ ಹೋಗಿ ಸುತ್ತುಹೊಡೆದು ಬರಬೇಕು. ವಿಮಾನದವರು ಇದಕ್ಕೆ ಗೋ ಅರೌಂಡ್ ಎನ್ನುತ್ತಾರೆ.

2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 812ನೆಯ ವಿಮಾನ ಬೆಳಗ್ಗೆ ಆರು ಗಂಟೆಯ ಸುಮಾರಿಗೆ ಬಜ್ಪೆಯನ್ನು ಸಮೀಪಿಸಿತು. ಹಾರಾಟದ ಬಹುಭಾಗ ಕ್ಯಾಪ್ಟನ್ ನಿದ್ರೆಯಲ್ಲಿದ್ದರು. ಮಂಗಳೂರಿನ ರಾಡಾರ್ ಆ ದಿನಗಳಲ್ಲಿ ಕೆಲಸ ಮಾಡುತ್ತಿರಲಿಲ್ಲವಾದ್ದರಿಂದ ಇಳಿಕೆ ತಡವಾಗಿ ಶುರುವಾಯಿತು, ವಿಮಾನ ಇರಬೇಕಾದ ಎತ್ತರಕ್ಕಿಂತ ಬಹಳ ಮೇಲಿತ್ತು. ಅದನ್ನು ಸರಿದೂಗಿಸಲು ಕಡಿದಾಗಿ ಇಳಿಸಿದರು. ರನ್‌ವೇಯ ಅಂಚನ್ನು 50 ಅಡಿ ಎತ್ತರದಲ್ಲಿ, 144 ನಾಟ್ ವೇಗದಲ್ಲಿ ದಾಟಬೇಕಿತ್ತು. ದಾಟಿದ್ದು ಸುಮಾರು 200 ಅಡಿಯಲ್ಲಿ, 160 ನಾಟ್‌ಗೂ ಮಿಕ್ಕ ವೇಗದಲ್ಲಿ. ಮೊದಲು ಹೇಳಿದ ವರ್ಗದ ಲೆಕ್ಕ ಹಾಕಿದರೆ ಬ್ರೇಕಿನ ಹೊರೆ ಕಾಲು ಭಾಗಕ್ಕೆ ಹತ್ತಿರ ಹೆಚ್ಚು.

ಅಲ್ಲಿನ ರನ್‌ವೇ 8,033 ಅಡಿ. ಚಕ್ರ ನೆಲ ಮುಟ್ಟಿದ್ದು 5,200 ಅಡಿ ಕಳೆದ ಮೇಲೆ. ಉಳಿದದ್ದು 2,800 ಅಡಿ, ಅದರಾಚೆ ಕಣಿವೆ.

ಸಹ ಪೈಲಟ್ ಮೂರು ಸಲ ಗೋ ಅರೌಂಡ್ ಎಂದಿದ್ದರು. ನೆಲ ಹತ್ತಿರವಾಗುತ್ತಿದೆ, ಮೇಲೆತ್ತು ಎಂದು ಯಂತ್ರವೂ ಮತ್ತೆ ಮತ್ತೆ ಕೂಗಿತ್ತು. ಕೊನೆಗೆ ಆದದ್ದು ಇನ್ನೊಂದು ಮಿತಿಯ ಉಲ್ಲಂಘನೆ. ನೆಲ ಮುಟ್ಟಿದ ಮೇಲೆ ಎಂಜಿನ್ನಿನ ಬಲವನ್ನು ಹಿಮ್ಮುಖವಾಗಿಸುವ ವ್ಯವಸ್ಥೆಯನ್ನು ಒಮ್ಮೆ ಎಳೆದರೆ, ಆಮೇಲೆ ನಿಲ್ಲಿಸುವುದೊಂದೇ ದಾರಿ, ಮತ್ತೆ ಮೇಲೇಳಲು ನೋಡಬಾರದು ಎಂಬುದು ಬೋಯಿಂಗ್‌ನ ನಿಯಮ. ಕ್ಯಾಪ್ಟನ್ ಅದನ್ನು ಎಳೆದ ಮೇಲೂ ಮೇಲೇರಲು ಯತ್ನಿಸಿದರು. ಪೂರ್ತಿ ಬ್ರೇಕ್ ಹಾಕಿದ್ದರೆ ವಿಮಾನ ನಿಲ್ಲುವ ಸಾಧ್ಯತೆ ಇತ್ತು ಎಂದು ಏರ್ ಮಾರ್ಷಲ್ ಬಿ. ಎನ್. ಗೋಖಲೆ ನೇತೃತ್ವದ ತನಿಖೆ ಲೆಕ್ಕ ಹಾಕಿತು. 166 ಮಂದಿಯಲ್ಲಿ ಉಳಿದವರು ಎಂಟು. ಸತ್ತ 158 ಮಂದಿಯಲ್ಲಿ ಕಾಸರಗೋಡು ಜಿಲ್ಲೆಯವರು ಬಹಳ. ಗುರುತು ಸಿಗದವರ ನೆನಪಿಗೆ ಕೂಳೂರಿನ ಬಳಿ ಫಲ್ಗುಣಿ ನದಿಯ ದಡದಲ್ಲಿ ಸ್ಮಾರಕ ಇದೆ; ಮಂಗಳೂರಿಗೆ ಹೋದಾಗ ಅತ್ತ ಕಡೆ ತಿರುಗುವ ನಮ್ಮೂರಿನವರು ಈಗಲೂ ಇದ್ದಾರೆ.

ಹತ್ತು ವರ್ಷದ ನಂತರ, 2020ರ ಆಗಸ್ಟ್ 7ರ ರಾತ್ರಿ ಕೋಯಿಕ್ಕೋಡಿನ ಕರಿಪುರದಲ್ಲಿ ಅದೇ ಕಂಪನಿಯ ಅದೇ ಮಾದರಿಯ ವಿಮಾನ, ಅದೇ ರೀತಿಯ ಗುಡ್ಡದ ಮೇಲಿನ ರನ್‌ವೇ. ಕ್ಯಾಪ್ಟನ್ ಬದಿಯ ಗಾಜಿನ ವೈಪರ್ ಕೆಟ್ಟಿತ್ತು. ಒಮ್ಮೆ ಇಳಿಯಲು ನೋಡಿ ಸರಿಯಾಗಿಯೇ ಮೇಲೆ ಹೋಗಿದ್ದರು. ಎರಡನೆಯ ಸಲ ಎದುರು ದಿಕ್ಕಿನಿಂದ ಬಂದರು, ಈ ಬಾರಿ 14 ನಾಟ್ ಹಿಂಗಾಳಿ. ನೆಲದ ಲೆಕ್ಕದಲ್ಲಿ ವೇಗ 165 ನಾಟ್. 8,858 ಅಡಿಯ ರನ್‌ವೇಯಲ್ಲಿ 4,438 ಅಡಿ ಕಳೆದ ಮೇಲೆ ಒದ್ದೆ ನೆಲಕ್ಕೆ ಚಕ್ರ ತಾಗಿತು. ಇಬ್ಬರು ಪೈಲಟ್‌ಗಳು ಸೇರಿ 21 ಮಂದಿ ಸತ್ತರು. ಸಹ ಪೈಲಟ್ ಗೋ ಅರೌಂಡ್ ಎಂದದ್ದು ಇಲ್ಲೂ ದಾಖಲಾಗಿದೆ. ಹಾಗೆ ಹೇಳಿ ಸುಮ್ಮನಾಗದೆ ನಿಯಂತ್ರಣವನ್ನು ತಾನೇ ತೆಗೆದುಕೊಳ್ಳಬೇಕಿತ್ತು ಎಂದು ತನಿಖಾ ವರದಿ ಹೇಳಿತು.

ಅದೇ 2020ರಲ್ಲಿ, ಮಂಗಳೂರು ದುರಂತದ ಹತ್ತನೆಯ ವರ್ಷದ ದಿನವಾದ ಮೇ 22ರಂದೇ, ಕರಾಚಿಯಲ್ಲಿ ಪಾಕಿಸ್ತಾನದ ಎ320 ವಿಮಾನ ಬಿದ್ದಿತ್ತು. ಅಲ್ಲೂ ಎತ್ತರ ಹೆಚ್ಚು, ವೇಗ ಹೆಚ್ಚು. ಗೋಪುರದವರ ಎಚ್ಚರಿಕೆ, ವಿಮಾನದೊಳಗಿನ ವೇಗಮಿತಿಯ ಗಂಟೆ ಎರಡೂ ಕೇಳಿಸಿದ್ದವು. ಚಕ್ರವೇ ಇಲ್ಲದೆ ಎಂಜಿನ್‌ಗಳು ರನ್‌ವೇಗೆ ಉಜ್ಜಿದವು. ಮೇಲೇರಿದ ಮೇಲೆ ಆ ಎಂಜಿನ್‌ಗಳೇ ಕೈಕೊಟ್ಟವು.

ಗಂಟೆ ಬಾರಿಸಿದರೂ ಕೇಳಿಸದಿರುವುದೇಕೆ

ಮೂರು ದೇಶ, ಮೂರು ಕಂಪನಿ ಆಗಿದ್ದರೂ ಹೀಗೇ ಇರುತ್ತಿತ್ತೋ ಏನೋ. ಇಳಿಯುವುದೆಂದು ಮನಸ್ಸು ಒಮ್ಮೆ ತೀರ್ಮಾನಿಸಿದ ಮೇಲೆ ಗಮ್ಯ ಹತ್ತಿರವಾದಷ್ಟೂ ಆ ತೀರ್ಮಾನ ಗಟ್ಟಿಯಾಗುತ್ತದೆ. ತುಂಬಿದ ಹೊಳೆಗೆ ಇಳಿದು ಮುಕ್ಕಾಲು ದಾಟಿದವರು ನೀರು ಎದೆಮಟ್ಟಕ್ಕೆ ಬಂತೆಂದು ಹಿಂದೆ ತಿರುಗುವುದಿಲ್ಲ. ಎದುರಿನ ದಡ ಕಾಣಿಸುತ್ತಿದೆಯಲ್ಲ! ಫ್ಲೈಟ್ ಸೇಫ್ಟಿ ಫೌಂಡೇಶನ್ ನಡೆಸಿದ ಅಧ್ಯಯನ ಒಂದು ಅಂಕಿ ಕೊಟ್ಟಿತು. ಅಸ್ಥಿರವಾಗಿ ಇಳಿಯುತ್ತಿದ್ದ ವಿಮಾನಗಳಲ್ಲಿ ನಿಯಮದಂತೆ ಮೇಲೆ ಹೋದವು ಶೇ. 3ರಷ್ಟು ಮಾತ್ರ, ಉಳಿದವು ಇಳಿದೇ ಬಿಟ್ಟವು. ಬಹುಪಾಲು ಏನೂ ಆಗದೆ ಇಳಿದವು, ಆದ್ದರಿಂದಲೇ ಆ ಅಂಕಿ ಮೇಲೇರುವುದು ಕಷ್ಟ.

ಒತ್ತಡ ಏರಿದಾಗ ಮೊದಲು ಕುಗ್ಗುವುದು ಕಿವಿ. ರನ್‌ವೇಯ ಮೇಲೆ ಕಣ್ಣು ನೆಟ್ಟಾಗ ಎಚ್ಚರಿಕೆಯ ದನಿ ಹಿನ್ನೆಲೆಯ ಗದ್ದಲವಾಗಿ ಬಿಡುತ್ತದೆ. ನಿದ್ರೆಯಿಂದ ಎದ್ದ ಹೊಸತರಲ್ಲಿ, ಅದೂ ಬೆಳಗಿನ ಜಾವ, ಮೆದುಳು ಇನ್ನೂ ಮಂದ. ಮಂಗಳೂರಿನ ವರದಿಯಲ್ಲಿ ಈ ಮಂದತನದ ಪ್ರಸ್ತಾಪ ಇದೆ.

ಜೊತೆಗೆ ಹಿರಿಯ ಕಿರಿಯ ಎಂಬುದು. ನಮ್ಮಲ್ಲಿ ದೊಡ್ಡವರು ಕಾರು ಓಡಿಸುತ್ತಿರುವಾಗ ಪಕ್ಕದಲ್ಲಿ ಕೂತ ಅಳಿಯ "ಸ್ವಲ್ಪ ನಿಧಾನ ಮಾವ" ಎಂದಾನು. ಸ್ಟೀರಿಂಗ್‌ಗೆ ಕೈ ಹಾಕಿಯಾನೇ? 1977ರಲ್ಲಿ ಸ್ಪೇನಿನ ತೆನೆರಿಫೆ ದ್ವೀಪದಲ್ಲಿ ಎರಡು ಜಂಬೋ ವಿಮಾನಗಳು ರನ್‌ವೇಯಲ್ಲೇ ಡಿಕ್ಕಿಯಾಗಿ 583 ಮಂದಿ ಸತ್ತ ನಂತರ, ಈ ಸಂಕೋಚವನ್ನು ಮುರಿಯುವುದೂ ತರಬೇತಿಯ ಭಾಗವಾಯಿತು. ಕಿರಿಯರು ಹೇಳಲು, ಹಿರಿಯರು ಕೇಳಲು ಕಲಿಯಬೇಕು. ಕಾಗದದ ಮೇಲೆ ಸುಲಭ.

ಈಗ ಕಾಯುವುದು ಯಾರು

ಏರ್‌ಬಸ್ ಎ320ರಂಥ ವಿಮಾನಗಳಲ್ಲಿ ಕೆಲವು ಮಿತಿಗಳನ್ನು ಕಂಪ್ಯೂಟರೇ ಕಾಯುತ್ತದೆ. ಪೈಲಟ್ ಎಷ್ಟೇ ಎಳೆದರೂ ರೆಕ್ಕೆ ಹಿಡಿತ ಕಳೆದುಕೊಳ್ಳುವಷ್ಟು ಮೂತಿ ಎತ್ತಲು ಬಿಡುವುದಿಲ್ಲ. ಆದರೆ ರನ್‌ವೇಯ ಅರ್ಧ ಕಳೆದ ಮೇಲೆ ಚಕ್ರ ತಾಗಿಸುವುದನ್ನು ಅದು ತಡೆಯಲಾರದು. ಹೊಸ ವಿಮಾನಗಳಲ್ಲಿ ಎಚ್ಚರಿಸುವ ವ್ಯವಸ್ಥೆ ಬಂದಿದೆ, ಆದರೆ ಎಚ್ಚರಿಕೆಯ ಕತೆ ಮೇಲೆ ನೋಡಿದೆವಲ್ಲ.

ಹೆಚ್ಚು ಕೆಲಸ ಮಾಡುವುದು ನೆಲದ ಮೇಲಿನ ಒಂದು ನಿಶ್ಶಬ್ದ ವ್ಯವಸ್ಥೆ. ಪ್ರತಿ ಹಾರಾಟದ ವೇಗ, ಎತ್ತರ, ಫ್ಲಾಪ್, ನೆಲ ಮುಟ್ಟಿದ ಜಾಗ ಎಲ್ಲವೂ ದಾಖಲಾಗುತ್ತವೆ. ಕಂಪನಿಯವರು ಅದನ್ನು ಇಳಿಸಿಕೊಂಡು, ಯಾವ ವಿಮಾನ ಯಾವ ಮಿತಿಗೆ ಎಷ್ಟು ಹತ್ತಿರ ಹೋಗಿತ್ತು, ಎಲ್ಲಿ ದಾಟಿತ್ತು ಎಂದು ನೋಡುತ್ತಾರೆ. ಐದು ನಾಟ್ ಹೆಚ್ಚಿನಲ್ಲಿ ಫ್ಲಾಪ್ ಬಿಟ್ಟರೂ ಅದು ಸಿಕ್ಕಿಬೀಳುತ್ತದೆ. ದಾಟಿದ್ದು ಗೊತ್ತಾದರೆ ಪೈಲಟ್ ಅದನ್ನು ವಿಮಾನದ ಪುಸ್ತಕದಲ್ಲಿ ಬರೆಯಬೇಕು. ಎಂಜಿನಿಯರು ಆ ಭಾಗವನ್ನು ಪರೀಕ್ಷಿಸಿ ಸಹಿ ಹಾಕಿದ ಮೇಲೆಯೇ ಮುಂದಿನ ಹಾರಾಟ. ಬರೆದವರಿಗೆ ಶಿಕ್ಷೆಯೇ ಗತಿ ಎಂದಾದರೆ ಬರೆಯುವವರು ಕಡಿಮೆಯಾಗುತ್ತಾರೆ. ಬರೆಯದಿದ್ದರೆ ಬಾಗಿದ ಒಂದು ಬೋಲ್ಟ್ ಮುಂದಿನ ಪ್ರಯಾಣಿಕರ ಜೊತೆ ಹಾರುತ್ತದೆ. ಆದ್ದರಿಂದ ಬೇಕೆಂದು ಮಾಡಿದ್ದನ್ನೂ ಅರಿಯದೆ ಆದದ್ದನ್ನೂ ಬೇರೆ ಬೇರೆಯಾಗಿ ನೋಡುವ ಪದ್ಧತಿ ಜಗತ್ತಿನೆಲ್ಲೆಡೆ ಬಂದಿದೆ. ಗೋ ಅರೌಂಡ್ ಮಾಡಿದವರನ್ನು ಯಾಕೆ ಮಾಡಿದೆ ಎಂದು ಹಿಡಿದು ಕೇಳಬಾರದು ಎಂಬುದೂ ಅದರದ್ದೇ ಭಾಗ.

ಬೆಂಗಳೂರಿಗೆ ಹೋದ ವಿಮಾನ ಮಳೆ ನಿಂತರೂ ಬಾರದಿರುವುದು

ಮತ್ತೆ ಬಜ್ಪೆಯ ಹೊರಗೆ ಕಾಯುತ್ತಿರುವ ಕಾರುಗಳ ಹತ್ತಿರ ಬರೋಣ. ವಿಮಾನ ಹೊರಡುವಾಗಲೇ ಬೇರೊಂದು ನಿಲ್ದಾಣಕ್ಕೆ ಹೋಗುವಷ್ಟು, ಅಲ್ಲಿ ಅರ್ಧ ಗಂಟೆ ಸುತ್ತುವಷ್ಟು ಇಂಧನ ಹೆಚ್ಚಿಗೆ ಹಾಕಿರುತ್ತಾರೆ. ಅದು ಬಜ್ಪೆಯ ಮೇಲೆ ಅದೃಷ್ಟ ಪರೀಕ್ಷಿಸಲು ಇಟ್ಟದ್ದಲ್ಲ. ಹಾಗಾಗಿ ಒಂದೆರಡು ಯತ್ನದ ಮೇಲೆ ಬೆಂಗಳೂರೋ ಕಣ್ಣೂರೋ ಕೊಚ್ಚಿಯೋ ಆಗುತ್ತದೆ.

ಎರಡನೆಯ ಗೊಣಗಾಟ ಶುರುವಾಗುವುದು ಆಮೇಲೆ. ಹತ್ತು ಗಂಟೆಗೆ ಮಂಗಳೂರಲ್ಲಿ ಬಿಸಿಲು ಬಿದ್ದಿದೆ, ಬೆಂಗಳೂರಿನಿಂದ ಹಾರಾಟ ಒಂದು ಗಂಟೆಯದು, ವಿಮಾನ ಮಾತ್ರ ಅಲ್ಲೇ ನಿಂತಿದೆ. ನಾವೂ ಒಮ್ಮೆ ಹೀಗೆ ಮಧ್ಯಾಹ್ನದವರೆಗೆ ಕಾದು, ಎಂಥ ವಿಮಾನವೋ ಎಂದು ಬೈದುಕೊಂಡವರೇ. ಕಾರಣ ಆಮೇಲೆ ತಿಳಿಯಿತು. ವಿಮಾನಕ್ಕಿರುವಂತೆ ಪೈಲಟ್‌ಗೂ ಮಿತಿ ಇದೆ. ಒಂದು ದಿನಕ್ಕೆ ಇಷ್ಟು ಗಂಟೆ ಕೆಲಸ, ಇಷ್ಟು ಇಳಿಕೆ, ರಾತ್ರಿಯ ಪಾಳಿಗೆ ಅದಕ್ಕಿಂತ ಕಡಿಮೆ. ಡಿಜಿಸಿಎಯ ಹೊಸ ನಿಯಮದಲ್ಲಿ ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಿದೆ. ನಡುರಾತ್ರಿ ದುಬೈಯಲ್ಲಿ ಕೆಲಸಕ್ಕೆ ಕೂತವರು ಬೆಂಗಳೂರಲ್ಲಿ ಇಳಿಯುವಷ್ಟರಲ್ಲಿ ಆ ಗಂಟೆ ಮುಗಿದಿರಬಹುದು. ಮುಗಿದಿದ್ದರೆ ಬಾಕಿ ಉಳಿದದ್ದು ಒಂದೇ ಗಂಟೆಯ ಹಾರಾಟವಾದರೂ ಅವರು ಏಳುವಂತಿಲ್ಲ, ಬೇರೆ ಪೈಲಟ್ ಬರಬೇಕು.

ಅವತ್ತು ನಮ್ಮನ್ನು ಕುಂಬಳೆಯಿಂದ ಕರೆತಂದಿದ್ದ ಡ್ರೈವರ್‌ಗೆ ಇದನ್ನು ಹೇಳಿದಾಗ ಅವರು ಸೀಟು ಹಿಂದಕ್ಕೆ ಬಾಗಿಸಿ, "ಹಾಗಾದ್ರೆ ನಾನೂ ಒಂದು ಗಳಿಗೆ ಮಲಗ್ತೇನೆ, ರಾತ್ರಿ ಮೂರಕ್ಕೆ ಎದ್ದದ್ದು" ಎಂದರು.